ಅಂಡಮಾನಿನಲ್ಲಿ ಓಡಬೇಕಾದ ಹೊತ್ತು

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪವೂ ನಮ್ಮ ಮೈಸೂರೂ ಭೂಪಟದಲ್ಲಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಹಗಲಿನ ಉದ್ದ ಎರಡೂ ಕಡೆ ಒಂದೇ. ಆದರೆ ಹ್ಯಾವ್‌ಲಾಕ್ ಹದಿನಾರು ಡಿಗ್ರಿಗಳಷ್ಟು ಪೂರ್ವಕ್ಕಿದೆ. ಗಡಿಯಾರ ಮಾತ್ರ ಎರಡಕ್ಕೂ ಒಂದೇ ಭಾರತೀಯ ಕಾಲಮಾನದ್ದು. ಹಾಗಾಗಿ ಜನವರಿಯ ನಡುವೆ ಮೈಸೂರಿನಲ್ಲಿ 6:45ರ ಸುಮಾರಿಗೆ ಹುಟ್ಟುವ ಸೂರ್ಯ ಅಲ್ಲಿ 5:40ಕ್ಕೇ ಹುಟ್ಟಿರುತ್ತಾನೆ. ಐದೂಕಾಲು ದಾಟುತ್ತಿದ್ದಂತೆ ರಸ್ತೆಯ ಗುಂಡಿ ಕಾಣುವಷ್ಟು ಬೆಳಕಾಗುತ್ತದೆ. ಏಳೂವರೆಗೆ ಬಿಸಿಲು ಹೆಗಲಿಗೆ ಚುಚ್ಚತೊಡಗುತ್ತದೆ. ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗಿಯೂ ಆಗಿರುತ್ತದೆ.

ರಜೆಗೆ ಹೋದಾಗಲೂ ಬೂಟು ಕಟ್ಟಿಕೊಂಡು ಓಡುವ ನನ್ನಂಥವರು ಹೊರಡುವ ಮೊದಲು ಕೇಳುವ ಪ್ರಶ್ನೆ ಒಂದೇ: ಅಲ್ಲಿ ಓಡಲು ಚೆಂದದ ಜಾಗ ಯಾವುದು? ಅಂಡಮಾನಿಗೆ ಹೋಗಿ ಬಂದಾಗಿನಿಂದ ಈ ಪ್ರಶ್ನೆಯನ್ನು ನಾನು ಬೇರೆ ರೀತಿಯಲ್ಲಿ ಕೇಳುತ್ತೇನೆ. ಯಾವ ಜಾಗ ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದು ದೊಡ್ಡ ಪ್ರಶ್ನೆ. ಅದೇ ಕಡಲತೀರ ಬೆಳಗಿನ ಇಳಿತದಲ್ಲಿ ಎರಡು ಕಿಲೋಮೀಟರ್ ಉದ್ದದ ಗಟ್ಟಿ ನೆಲ. ಉಬ್ಬರದಲ್ಲಿ ಪಾದ ಹೂತುಹೋಗುವ ಸಡಿಲ ಮರಳಿನ ಒಂದು ಪಟ್ಟಿ. ಅದೇ ರಸ್ತೆ ಐದೂವರೆಗೆ ನಿಮ್ಮೊಬ್ಬರದೇ. ಹತ್ತು ಗಂಟೆಗೆ ಬಾಡಿಗೆ ಸ್ಕೂಟರುಗಳದ್ದು. ಫೋಟೊಗಳಲ್ಲಿ ಜಾಗ ಕಾಣುತ್ತದೆ, ಹೊತ್ತು ಕಾಣುವುದಿಲ್ಲ.

ಅಂದಹಾಗೆ, ಹ್ಯಾವ್‌ಲಾಕಿನ ಅಧಿಕೃತ ಹೆಸರು 2018ರಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪದ್ದು ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ದೋಣಿಕಟ್ಟೆಯಲ್ಲಿ, ಚಹಾದ ಅಂಗಡಿಯಲ್ಲಿ ನನ್ನ ಕಿವಿಗೆ ಬಿದ್ದದ್ದು ಹಳೆಯ ಹೆಸರುಗಳೇ ಆದ್ದರಿಂದ ಇಲ್ಲಿಯೂ ಅವನ್ನೇ ಬಳಸುತ್ತೇನೆ.

ಹ್ಯಾವ್‌ಲಾಕಿನಲ್ಲಿ ಊರುಗಳಿಗೂ ಕಡಲತೀರಗಳಿಗೂ ಅಂಕಿಗಳೇ ಗುರುತು. ಹಡಗುಕಟ್ಟೆ ಇರುವುದು ಒಂದನೇ ನಂಬರಿನಲ್ಲಿ, ಪೇಟೆ ಮೂರರಲ್ಲಿ. ಪೂರ್ವದ ದಡದ ವಿಜಯನಗರ ಐದನೆಯದು, ಪಶ್ಚಿಮದ ರಾಧಾನಗರ ಏಳನೆಯದು. ಹೆಚ್ಚಿನ ವಸತಿಗೃಹಗಳು ಮೂರು ಮತ್ತು ಐದರ ನಡುವೆ ಇವೆ. ಅಲ್ಲಿಂದ ದಕ್ಷಿಣಕ್ಕೆ ಕಡಲಿಗೆ ಅಂಟಿಕೊಂಡೇ ಸಾಗುವ ಕಿರಿದಾದ ಡಾಂಬರು ರಸ್ತೆ ಕಾಲಾಪತ್ಥರ್ ತೀರದ ಕಡೆಗೆ ಹೋಗುತ್ತದೆ. ಐದನೇ ನಂಬರಿನಿಂದ ಐದಾರು ಕಿಲೋಮೀಟರ್ ಇರಬಹುದು. ನಾನು ಓಡಿದ ರಸ್ತೆಗಳಲ್ಲೆಲ್ಲ ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ, ಆದರೆ ಬೆಳಗಿನ ಐದೂಕಾಲರಿಂದ ಆರೂವರೆಯವರೆಗೆ ಮಾತ್ರ.

ಹೊರಡುವಾಗ ತೋಟದ ಮನೆಗಳ ಬೆಳಕು ಇನ್ನೂ ಉರಿಯುತ್ತಿರುತ್ತದೆ. ಎಡಗಡೆ ತೆಂಗಿನ ಸಾಲಿನ ಆಚೆ ಬೂದು ಬಣ್ಣದ ನೀರು, ಬಲಗಡೆ ಬಾಳೆ, ಅಡಿಕೆ, ತಗಡಿನ ಮಾಡಿನ ಮನೆಗಳು. ಮೊದಲ ಎರಡು ಕಿಲೋಮೀಟರ್ ಕಡಲು ಮರಗಳ ಸಂದಿಯಲ್ಲಿ ಕಂಡು ಮರೆಯಾಗುತ್ತದೆ. ಮುಂದೆ ರಸ್ತೆ ದಡಕ್ಕೇ ಇಳಿದು, ನೀರಿಗೂ ನಮಗೂ ನಡುವೆ ಒಂದು ತಗ್ಗಿನ ಅಂಚು ಮಾತ್ರ ಉಳಿಯುತ್ತದೆ. ಸರಿಯಾಗಿ ಆ ಹೊತ್ತಿಗೆ ಬೂದು ಬಣ್ಣದೊಳಗಿಂದ ಹಸಿರು ಎದ್ದು ಬರತೊಡಗುತ್ತದೆ. ಸೂರ್ಯ ನೇರ ಎದುರಿನ ನೀರಿನಿಂದಲೇ ಹುಟ್ಟುತ್ತಾನೆ. ನಾನು ಅರಬ್ಬೀ ಸಮುದ್ರವನ್ನು ನೋಡುತ್ತ ಬಂದವಳು. ಕಡಲೆಂದರೆ ಸೂರ್ಯ ಮುಳುಗುವ ಜಾಗ ಎಂದೇ ಬೆಳೆದವಳು. ಕಡಲಿನಿಂದ ಹಗಲು ಎದ್ದು ಬರುವುದನ್ನು ಓಡುತ್ತ ನೋಡುವಾಗ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಆಗಲಿ. ಆ ಹತ್ತು ನಿಮಿಷ ಗಡಿಯಾರದ ಗುಂಡಿ ಒತ್ತಿ ನಿಲ್ಲಿಸುವಷ್ಟೂ ಮನಸ್ಸು ಬರುವುದಿಲ್ಲ.

ಈ ರಸ್ತೆಯ ಬದಿಯ ದೊಡ್ಡ ಮರಗಳನ್ನು ಗಮನಿಸಬೇಕು. ಸ್ಥಳೀಯರು ಸಮುದ್ರ ಮಹುವಾ ಎನ್ನುತ್ತಾರೆ. ನಮ್ಮ ಸಪೋಟದ ಕುಲದ್ದೇ ಮರ; ಗೊಂಚಲು ಗೊಂಚಲಾಗಿ ತುದಿಗೆ ಸೇರಿಕೊಂಡ ದಪ್ಪ ಎಲೆಗಳನ್ನು ನೋಡಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ. ಕಡಲ ಅಂಚಿನಲ್ಲೇ ನಿಂತು ಉಪ್ಪುಗಾಳಿ ಕುಡಿದು ಬೆಳೆಯುವ ಇದರ ಬೇರುಗಳ ಕೆಳಗಿನ ಮಣ್ಣನ್ನು ಅಲೆಗಳು ಕೊರೆದಿರುತ್ತವೆ. ಕೆಲವು ಮರಗಳು ಬೇರುಸಹಿತ ಮರಳಿನ ಮೇಲೆ ಉರುಳಿ, ತೊಗಟೆ ಕಳಚಿ, ಬಿಳಿಚಿಕೊಂಡು ಮಲಗಿವೆ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವುದು ಇಂಥ ಕಾಂಡಗಳ ಮೇಲೆಯೇ. ದಡ ವರ್ಷವರ್ಷವೂ ಹಿಂದೆ ಸರಿಯುತ್ತಿರುವುದರ ಗುರುತೂ ಅದೇ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ: ನಾಯಿಗಳು. ಬೆಳಗಿನ ಹೊತ್ತು ರಸ್ತೆ ಅವುಗಳದ್ದು. ಓಡುವವರನ್ನು ಕಂಡರೆ ಎರಡು ಮೂರು ಸೇರಿ ಬೊಗಳುತ್ತ ಬರುತ್ತವೆ. ಓಟ ನಿಲ್ಲಿಸಿ, ಅವುಗಳ ಕಣ್ಣು ದಿಟ್ಟಿಸದೆ, ಅವುಗಳ ಗಡಿ ದಾಟುವವರೆಗೆ ನಡೆದರೆ ಸಾಕು. ಮರುದಿನ ಅವೇ ನಾಯಿಗಳು ತಲೆಯೆತ್ತಿ ನೋಡಿ ಮತ್ತೆ ಮಲಗುತ್ತವೆ.

ಇನ್ನು ರಾಧಾನಗರ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರ ಎಂದು ಕರೆದ ಮೇಲೆ ಇದರ ಹೆಸರು ಊರೂರಿಗೆ ಹಬ್ಬಿತು. ಶುಚಿಯಾದ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಭಾರತದ ಮೊದಲ ಎಂಟು ತೀರಗಳಲ್ಲಿ ಇದೂ ಒಂದು. ಅದೇ ಪಟ್ಟಿಯಲ್ಲಿ ನಮ್ಮ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಇದ್ದವು. ಚೆಲುವಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಹಿಂದೆ ಎತ್ತರದ ಕಾಡು, ಮುಂದೆ ಬಿಲ್ಲಿನಂತೆ ಬಾಗಿದ ಬಿಳಿ ಮರಳು, ನಡುವೆ ಒಂದೇ ಒಂದು ಕಟ್ಟಡವೂ ಕಣ್ಣಿಗೆ ಬೀಳದ ದಡ. ಆದರೆ ಓಟಕ್ಕೆ ಇದು ಸುಲಭದ ಜಾಗವಲ್ಲ, ಕಾರಣ ಮರಳು.

ಮರಳಿನ ಮೇಲೆ ಓಡುವುದು ಎಷ್ಟು ಕಷ್ಟ ಎನ್ನುವುದನ್ನು ಬೆಲ್ಜಿಯಂನ ಸಂಶೋಧಕರು ಅಳೆದು 1998ರಲ್ಲಿ ಪ್ರಕಟಿಸಿದ್ದಾರೆ. ಗಟ್ಟಿ ನೆಲದ ಮೇಲೆ ಓಡುವುದಕ್ಕಿಂತ ಅದೇ ವೇಗದಲ್ಲಿ ಸಡಿಲ ಮರಳಿನ ಮೇಲೆ ಓಡಲು ಸುಮಾರು 1.6 ಪಟ್ಟು ಶಕ್ತಿ ಬೇಕು. ನಡೆಯುವುದಂತೂ ಎರಡು ಪಟ್ಟಿಗಿಂತ ಹೆಚ್ಚು ದುಬಾರಿ. ಗಟ್ಟಿ ನೆಲದಲ್ಲಿ ನೆಲಕ್ಕೆ ಒತ್ತಿದ ಬಲ ಸ್ನಾಯು ಮತ್ತು ಹಿಮ್ಮಡಿಯ ಸ್ನಾಯುರಜ್ಜುವಿನ ಮೂಲಕ ಬಹುಮಟ್ಟಿಗೆ ನಮಗೇ ವಾಪಸು ಬರುತ್ತದೆ. ಮರಳಿನಲ್ಲಿ ಆ ಬಲ ಮರಳನ್ನು ಅತ್ತಿತ್ತ ತಳ್ಳುವುದಕ್ಕೇ ಖರ್ಚಾಗುತ್ತದೆ. ಮೀನಖಂಡ ಮೊದಲು ಸೋಲುವುದು ಅದಕ್ಕೇ.

ಆದರೆ ನೀರು ಇಳಿದ ಮೇಲೆ ಉಳಿಯುವ ಒದ್ದೆ ಮರಳಿನ ಪಟ್ಟಿಯ ಗುಣವೇ ಬೇರೆ. ಕಣಗಳ ನಡುವಿನ ತೆಳು ನೀರು ಅವನ್ನು ಒಂದಕ್ಕೊಂದು ಬಿಗಿಯುತ್ತದೆ. ಹೆಜ್ಜೆಯಿಟ್ಟಲ್ಲಿ ಒಂದು ಕ್ಷಣ ಪಾದದ ಸುತ್ತ ಮರಳು ಒಣಗಿದಂತೆ ಬಿಳಿಯಾಗಿ, ಮತ್ತೆ ಕಪ್ಪಾಗುತ್ತದೆ. ಈ ಪಟ್ಟಿ ಸಿಗುವುದು ಇಳಿತದಲ್ಲಿ ಮಾತ್ರ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ. ಇವತ್ತು ಬೆಳಿಗ್ಗೆ ಆರಕ್ಕೆ ನೀರು ಪೂರ್ತಿ ಇಳಿದಿದ್ದರೆ ಒಂದು ವಾರದ ನಂತರ ಅದೇ ಆರು ಗಂಟೆಗೆ ನೀರು ಮರದ ಬುಡಕ್ಕೆ ಬಂದಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತ ದೊಡ್ಡದು, ಓಡುವ ಪಟ್ಟಿಯೂ ಅಗಲ. ಹೋಟೆಲಿನ ಕೋಣೆ ಕಾದಿರಿಸುವಾಗ ಕ್ಯಾಲೆಂಡರಿನಲ್ಲಿ ಚಂದ್ರನನ್ನೂ ನೋಡಿಕೊಳ್ಳಿ ಎಂದು ಓಡುವ ಗೆಳತಿಯರಿಗೆಲ್ಲ ಹೇಳುತ್ತೇನೆ.

ತೀರದ ಇಳಿಜಾರನ್ನೂ ಗಮನಿಸಬೇಕು. ಒಂದು ಕಾಲು ಸದಾ ತಗ್ಗಿನಲ್ಲಿ, ಇನ್ನೊಂದು ಏರಿನಲ್ಲಿ ಬೀಳುವುದರಿಂದ ಸೊಂಟ ಒಂದು ಕಡೆ ವಾಲುತ್ತದೆ. ಹೋದಷ್ಟೇ ದೂರ ಮರಳಿ ಬಂದರೆ ಲೆಕ್ಕ ಸರಿಯಾಗುತ್ತದೆ. ಒಂದೇ ದಿಕ್ಕಿಗೆ ಓಡಿ ಆಟೊ ಹತ್ತಿ ಬರುವವರಿಗೆ ಮಂಡಿ ಮರುದಿನ ನೆನಪಿಸುತ್ತದೆ.

ರಾಧಾನಗರದ ಇಳಿತದ ಬೆಳಗಿನಲ್ಲಿ ನನಗೆ ತುಂಬ ಇಷ್ಟವಾದ ನೋಟ ಕಡಲಿನದ್ದಲ್ಲ, ಕಾಲ ಬುಡದ್ದು. ಉಗುರಿಗಿಂತ ಸಣ್ಣ ಏಡಿಗಳು ನೀರು ಇಳಿದ ಕೂಡಲೇ ಬಿಲದಿಂದ ಹೊರಬಂದು ಮರಳನ್ನು ಬಾಯಿಗೆ ತುಂಬಿಕೊಳ್ಳುತ್ತವೆ. ಕಣಗಳಿಗೆ ಅಂಟಿದ ಆಹಾರವನ್ನು ಸೋಸಿ ತಿಂದು, ಉಳಿದ ಮರಳನ್ನು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಗುಂಡು ಮಾಡಿ ಹಿಂದಕ್ಕೆ ತಳ್ಳುತ್ತವೆ. ಬಿಲದಿಂದ ನೇರ ಗೆರೆಯಲ್ಲಿ ಹೊರಟು, ತಿಂದು, ಗುಂಡು ಇಟ್ಟು, ಮರಳಿ ಬಿಲಕ್ಕೆ ಬಂದು ಇನ್ನೊಂದು ಗೆರೆ ಹಿಡಿಯುತ್ತವೆ. ಅರ್ಧ ಗಂಟೆಯಲ್ಲಿ ಬಿಲದ ಸುತ್ತ ಕಿರಣ ಕಿರಣವಾಗಿ ಗುಂಡುಗಳ ಚಿತ್ತಾರ ಹರಡಿರುತ್ತದೆ, ಯಾರೋ ಮುಂಜಾನೆ ಎದ್ದು ದಡದುದ್ದಕ್ಕೂ ಚುಕ್ಕಿ ರಂಗೋಲಿ ಇಟ್ಟ ಹಾಗೆ. ಮೊದಲ ಸಲ ನೋಡಿದಾಗ ಮಂಡಿಯೂರಿ ಕುಳಿತುಬಿಟ್ಟೆ. ಅಲುಗಾಡದೆ ಕುಳಿತರೆ ಒಂದು ನಿಮಿಷದೊಳಗೆ ಏಡಿ ಮತ್ತೆ ಹೊರಬಂದು ಕೆಲಸ ಮುಂದುವರಿಸುತ್ತದೆ. ಅಂದಿನಿಂದ ಆ ಚಿತ್ತಾರಗಳ ಮೇಲೆ ಕಾಲಿಡದಂತೆ ನೀರಿನ ಅಂಚಿಗೆ ಸರಿದು ಓಡುತ್ತೇನೆ. ಉಬ್ಬರ ಬಂದು ಅಳಿಸುವುದು ಖಂಡಿತ, ಆದರೂ ನನ್ನ ಬೂಟು ಅಳಿಸುವುದು ಬೇಡ.

ರಾಧಾನಗರದ ಉತ್ತರದ ತುದಿಯ ಹಿನ್ನೀರಿನ ಕಡೆಗೆ ಓಡಬೇಡಿ. ಅಂಡಮಾನಿನ ತೊರೆಗಳಲ್ಲಿ, ಕಾಂಡ್ಲಾ ಕಾಡುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಇದೇ ಭಾಗದಲ್ಲಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕ ಎಲ್ಲಿದೆಯೋ ಅಲ್ಲಿಗೆ ಓಟ ಮುಗಿಯಿತು ಎಂದೇ ತಿಳಿಯಬೇಕು. ಸಂಜೆ ಕೂಡ ಅಷ್ಟೆ. ಐದೂಕಾಲು, ಐದೂವರೆಗೆ ಸೂರ್ಯ ಮುಳುಗಿದ ಮೇಲೆ ಕತ್ತಲು ಬಹಳ ಬೇಗ ತೀರವನ್ನು ಮುಚ್ಚುತ್ತದೆ. ಹಾಗಾಗಿ ಸಂಜೆ ಓಡುವವರು ನಾಲ್ಕು ಗಂಟೆಗೇ ಅಲ್ಲಿರಬೇಕು, ಬಿಸಿಲು ಇನ್ನೂ ಇರುವಾಗಲೇ.

ನೀಲ್ ದ್ವೀಪದ ಬಗ್ಗೆ ಬರೆಯಲೆಂದೇ ಈ ಬರಹಕ್ಕೆ ಕೈಹಾಕಿದೆ.

ಹದಿನಾಲ್ಕು ಚದರ ಕಿಲೋಮೀಟರಿನಷ್ಟೂ ಇಲ್ಲದ, ಹೆಚ್ಚಿನ ಭಾಗ ಸಮತಟ್ಟಾದ ನೆಲ. ಊರುಗಳ ಹೆಸರುಗಳು ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ಈ ದ್ವೀಪಗಳಲ್ಲಿ ಕಾಡು ಕಡಿದು ನೆಲೆ ನಿಂತವು. ಇವತ್ತು ಪೋರ್ಟ್ ಬ್ಲೇರಿನ ಮಾರುಕಟ್ಟೆಗೆ ತರಕಾರಿ ಹೋಗುವುದು ನೀಲ್‌ನಿಂದ. ಬಂದ ಪ್ರವಾಸಿಗರಲ್ಲಿ ಹೆಚ್ಚಿನವರು ಹಡಗಿನಿಂದ ಇಳಿದು, ಎರಡು ತೀರ ನೋಡಿ, ಸಂಜೆಯ ಹಡಗಿಗೆ ಮರಳುತ್ತಾರೆ. ಹಾಗಾಗಿ ಬೆಳಗಿನ ಒಂಬತ್ತರವರೆಗೆ ದ್ವೀಪ ತನ್ನ ಪಾಡಿಗೆ ತಾನಿರುತ್ತದೆ.

ಓಡುವವಳಿಗೆ ಇಲ್ಲಿನ ದೊಡ್ಡ ಸುಖ ಎಂದರೆ ಇಡೀ ದ್ವೀಪ ಕಾಲಿನ ಅಳತೆಗೆ ಸಿಗುವುದು. ಸೀತಾಪುರ ಪೂರ್ವದಲ್ಲಿ, ಲಕ್ಷ್ಮಣಪುರ ಪಶ್ಚಿಮದಲ್ಲಿ. ಒಂದರಲ್ಲಿ ಸೂರ್ಯೋದಯ ನೋಡಿ, ಊರಿನ ನಡುವಿನ ರಸ್ತೆ ಹಿಡಿದು ಇನ್ನೊಂದಕ್ಕೆ ಓಡಿದರೆ ದ್ವೀಪ ದಾಟಿದಂತೆಯೇ. ಕಾರಿನಲ್ಲಿ ಹದಿನೈದು ನಿಮಿಷದ ದಾರಿ. ಕಾರಿನಲ್ಲಿ ಹೋದವರಿಗೆ ಅದು ಎರಡು ತೀರಗಳ ನಡುವಿನ ಖಾಲಿ ಜಾಗ. ಓಡಿದರೆ ಆ ನಡುವೆಯೇ ದ್ವೀಪವಿದೆ ಎಂದು ಗೊತ್ತಾಗುತ್ತದೆ. ಬದನೆ, ಬೆಂಡೆ, ಪಡವಲದ ಚಪ್ಪರಗಳು. ಗದ್ದೆಯ ಅಂಚಿನ ಸಣ್ಣ ಕೆರೆ, ಅದರ ಮೆಟ್ಟಿಲಲ್ಲಿ ಪಾತ್ರೆ ತೊಳೆಯುವ ಹೆಂಗಸರು. ಸಗಣಿ ಸಾರಿಸಿದ ಅಂಗಳ, ನಡುವೆ ತುಳಸಿಕಟ್ಟೆ. ಶಾಲೆಯ ಮಕ್ಕಳು ಸೈಕಲ್ ಮೇಲೆ ಎದುರಾಗಿ, ಸ್ವಲ್ಪ ದೂರ ನನ್ನ ಜೊತೆ ಬಂದು, ತಿರುವಿನಲ್ಲಿ ಗಂಟೆ ಬಾರಿಸಿ ಹೊರಟುಹೋಗುತ್ತಾರೆ.

ಒಂದು ಮನೆಯ ಮುಂದೆ ನನ್ನ ಓಟ ತಾನಾಗಿ ನಿಂತಿತು. ಅಂಗಳದ ತುಂಬ ಅಡಿಕೆ ಹರವಿತ್ತು. ಹಣ್ಣಡಿಕೆ, ಕೆಲವು ಇನ್ನೂ ಕಿತ್ತಳೆ ಬಣ್ಣ, ಕೆಲವು ಒಣಗಿ ಕಂದು. ನಾನು ಮಲೆನಾಡಿನ ಸಾಗರ ಎಂಬ ಊರಿನ ಕಡೆಯವಳು, ಅಡಿಕೆಯ ಅಂಗಳದಲ್ಲೇ ಬೆಳೆದವಳು. ನಮ್ಮ ಮನೆಯಲ್ಲಿ ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಹಾಕಿ ಕೆಂಪಡಿಕೆ ಮಾಡುತ್ತಾರೆ. ಇದು ಕರಾವಳಿಯವರ ಚಾಲಿಯಂತೆ, ಹಣ್ಣಾದ ಮೇಲೆ ಕೊಯ್ದು ಸಿಪ್ಪೆಸಹಿತ ಬಿಸಿಲಿಗೆ ಹಾಕುವುದು. ಹರವುತ್ತಿದ್ದ ಹೆಂಗಸು ತಲೆಯೆತ್ತಿದರು. ನನ್ನ ಹಿಂದಿಯೂ ಅವರ ಹಿಂದಿಯೂ ಸಮಸಮ. ನಮ್ಮದೂ ಅಡಿಕೆ ತೋಟ ಎಂದೆ. "ಮಳೆ ಬಂದರೆ ಏನು ಮಾಡುತ್ತೀರಿ ದೀದಿ?" ಎಂಬುದು ಅವರು ಕೇಳಿದ ಮೊದಲ ಪ್ರಶ್ನೆ. ಅಡಿಕೆ ಬೆಳೆಯುವವರು ಎಲ್ಲಿದ್ದರೂ ಕೇಳುವುದು ಅದನ್ನೇ. ಮುಂಗಾರು, ಹಿಂಗಾರು ಎರಡರ ಮಳೆಯೂ ಬೀಳುವ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆಯಾಗುವ ದ್ವೀಪದಲ್ಲಿ ಒಣಗಿಸುವುದಕ್ಕೆ ಸಿಗುವುದು ಜನವರಿಯಿಂದ ಏಪ್ರಿಲ್‌ವರೆಗಿನ ಬಿಸಿಲು ಮಾತ್ರ. ನಾವು ಓಡಲು ಆರಿಸಿಕೊಳ್ಳುವ ತಿಂಗಳುಗಳೂ ಅವೇ. ಅವರ ಬಿಡುವಿಲ್ಲದ ಕೆಲಸದ ಕಾಲವೇ ನಮ್ಮ ರಜೆಯ ಕಾಲ. ಹಾಗಾಗಿ ಈ ರಸ್ತೆಗಳಲ್ಲಿ ಓಡುವಾಗ ನಾನು ಕಿವಿಗೆ ಹಾಡು ಹಾಕಿಕೊಳ್ಳುವುದಿಲ್ಲ, ಎದುರಾದವರಿಗೆ ನಮಸ್ಕಾರ ಹೇಳುತ್ತೇನೆ, ಅಂಗಳದ ಫೋಟೊ ಕೇಳದೆ ತೆಗೆಯುವುದಿಲ್ಲ.

ಲಕ್ಷ್ಮಣಪುರದ ಎರಡನೇ ತೀರದಲ್ಲಿ ಕಡಲು ಕೊರೆದ ಸಹಜ ಕಲ್ಲಿನ ಸೇತುವೆಯಿದೆ. ಬಂಗಾಳಿಗಳು ಪ್ರೀತಿಯಿಂದ ಹೌರಾ ಬ್ರಿಜ್ ಎನ್ನುತ್ತಾರೆ. ಅದರ ಬುಡದವರೆಗೆ ಹೋಗಲು ನೀರು ಇಳಿದಿರಬೇಕು. ದಾರಿಯ ಚಹಾದ ಅಂಗಡಿಯಲ್ಲಿ ಕೇಳಿದೆ, "ದಾದಾ, ನೀರು ಯಾವಾಗ ಇಳಿಯುತ್ತದೆ?"

ಅವರು ಮೊಬೈಲ್ ನೋಡಲಿಲ್ಲ. "ಹುಣ್ಣಿಮೆ ಕಳೆದು ಮೂರನೇ ದಿನ ಅಲ್ಲವೇ ದೀದಿ? ಈಗ ಇಳಿದಿದೆ. ಚಹಾ ಕುಡಿದು ಹೋದರೂ ಸಿಗುತ್ತದೆ. ನಾಳೆ ಬರುವುದಾದರೆ ಮುಕ್ಕಾಲು ಗಂಟೆ ತಡವಾಗಿ ಬನ್ನಿ."

ಓಟದ ಬೂಟು ಹಾಕಿಕೊಂಡು ಆ ಬಂಡೆಗಳ ಮೇಲೆ ಓಡಲಾಗದು, ಓಡಲೂ ಬಾರದು. ಇಳಿತದಲ್ಲಿ ಬಯಲಾಗುವ ಆ ಹಾಸು ಹವಳದ ನೆಲ. ಕುಳಿಗಳಲ್ಲಿ ನಿಂತ ನೀರಿನಲ್ಲಿ ಮೀನು, ಕಡಲಸೌತೆ, ನೀಲಿ ತುಟಿಯ ಚಿಪ್ಪುಜೀವಿಗಳು ಮುಂದಿನ ಉಬ್ಬರಕ್ಕೆ ಕಾಯುತ್ತಿರುತ್ತವೆ. ಮರಳು ಮುಗಿದಲ್ಲಿ ಓಟ ಮುಗಿಸಿ, ಹೆಜ್ಜೆ ನೋಡಿಕೊಂಡು ನಡೆಯಬೇಕು. ಹವಳ, ಶಂಖ, ಚಿಪ್ಪು ಏನನ್ನೂ ಎತ್ತಿಕೊಳ್ಳಬಾರದು. ಕಾನೂನು ಇರುವುದು ಒಂದು ಕಾರಣ. ದಡದಲ್ಲಿ ಬಿದ್ದ ಖಾಲಿ ಶಂಖ ನಾಳೆ ಯಾವುದಾದರೂ ಏಡಿಯ ಮನೆಯಾಗುತ್ತದೆ ಎನ್ನುವುದು ಇನ್ನೂ ದೊಡ್ಡ ಕಾರಣ. ಬೆಳದಿಂಗಳಲ್ಲಿ ಅವು ಶಂಖ ಹೊತ್ತು ಸರಸರ ಹರಿದಾಡುವುದನ್ನು ನೋಡಿದವರು ಒಂದು ಚಿಪ್ಪನ್ನೂ ಚೀಲಕ್ಕೆ ಹಾಕಲಾರರು.

ಪೋರ್ಟ್ ಬ್ಲೇರ್ ದ್ವೀಪಗಳಿಗೆ ಹೋಗುವ ಬಾಗಿಲು ಮಾತ್ರ ಎಂದುಕೊಂಡು ಒಂದು ರಾತ್ರಿ ತಂಗಿ ಹೊರಡುವವರೇ ಹೆಚ್ಚು. ಅಲ್ಲಿಯ ಒಂದು ಬೆಳಗನ್ನು ಓಟಕ್ಕೆ ಇಟ್ಟುಕೊಳ್ಳಿ. ಅಬರ್ಡೀನ್ ಜೆಟ್ಟಿಯ ಬಳಿಯಿಂದ ಮರೀನಾ ಪಾರ್ಕ್ ಹಾದು, ಕಡಲ ಬದಿಯಲ್ಲೇ ಸೌತ್ ಪಾಯಿಂಟ್ ದಾಟಿ ಕಾರ್ಬಿನ್ಸ್ ಕೋವ್‌ವರೆಗೆ ಏಳೆಂಟು ಕಿಲೋಮೀಟರ್. ಏರಿಳಿತವಿರುವ, ಒಳ್ಳೆಯ ಡಾಂಬರಿನ ರಸ್ತೆ. ಐದು ಗಂಟೆಗೇ ಊರಿನವರು ವಾಕಿಂಗ್‌ಗೆ ಬಂದಿರುತ್ತಾರೆ. ಒಬ್ಬಳೇ ಓಡುವ ಹೆಂಗಸಿಗೆ ಇದು ಎಷ್ಟು ನೆಮ್ಮದಿ ಎನ್ನುವುದನ್ನು ಬೇರೆ ಊರುಗಳಲ್ಲಿ ಕತ್ತಲಲ್ಲಿ ಓಡಿದವರೇ ಬಲ್ಲರು.

ಈ ಓಟದಲ್ಲಿ ಕಡಲಿನಷ್ಟೇ ಚರಿತ್ರೆಯೂ ಜೊತೆಗೆ ಬರುತ್ತದೆ. ಹಿಂದೆ ತಿರುಗಿದರೆ ಗುಡ್ಡದ ಮೇಲೆ ಸೆಲ್ಯುಲರ್ ಜೈಲು. 1896ರಿಂದ 1906ರವರೆಗೆ ಕಟ್ಟಿದ ಏಳು ಕೈಗಳ ಕಟ್ಟಡದಲ್ಲಿ ಇಂದು ಉಳಿದಿರುವುದು ಮೂರು. ನೀರಿನ ಆಚೆ, ಈಜಿ ಹೋಗಬಹುದು ಎನ್ನಿಸುವಷ್ಟು ಹತ್ತಿರದಲ್ಲಿ ರಾಸ್ ದ್ವೀಪ. ದಶಕಗಳ ಕಾಲ ಬ್ರಿಟಿಷರು ಇಡೀ ಅಂಡಮಾನನ್ನು ಆಳಿದ್ದು ಆ ಪುಟ್ಟ ನೆಲದಿಂದ. 1943ರ ಡಿಸೆಂಬರ್ 30ರಂದು ನೇತಾಜಿ ಈ ಊರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದ ನೆನಪಿಗೆ, 75 ವರ್ಷ ತುಂಬಿದ 2018ರಲ್ಲಿ ಸೌತ್ ಪಾಯಿಂಟ್‌ನಲ್ಲಿ 150 ಅಡಿ ಎತ್ತರದಲ್ಲಿ ಧ್ವಜ ಏರಿತು. ಅಲ್ಲಿಂದ ಮುಂದೆ ರಸ್ತೆಯ ಬದಿಯಲ್ಲಿ, ಹುಲ್ಲು ಮುಚ್ಚಿದ ಕಾಂಕ್ರೀಟಿನ ಗೂಡುಗಳು ಸಿಗುತ್ತವೆ. ಜಪಾನಿ ಬಂಕರುಗಳು. 1942ರ ಮಾರ್ಚ್‌ನಿಂದ 1945ರವರೆಗೆ ಇಲ್ಲಿ ಜಪಾನೀಯರ ಆಡಳಿತವಿತ್ತು. ಗೂಢಚಾರರೆಂಬ ಆರೋಪ ಹೊರಿಸಿ ಸ್ಥಳೀಯರನ್ನು ಹಿಂಸಿಸಿದ, ಕೊಂದ ಕಾಲ ಅದು. ಧ್ವಜ ಹಾರಿದ ಒಂದೇ ತಿಂಗಳಿಗೆ, 1944ರ ಜನವರಿ 30ರಂದು, ಊರಾಚೆಯ ಹಂಫ್ರೀಗಂಜ್‌ನಲ್ಲಿ 44 ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಧ್ವಜಸ್ತಂಭದಿಂದ ಬಂಕರಿಗೆ ಓಡುವ ಕೆಲವೇ ನಿಮಿಷಗಳಲ್ಲಿ ಈ ಎರಡೂ ಒಂದೇ ಮನಸ್ಸಿನಲ್ಲಿ ಕೂರಬೇಕು. ಒಂದು ಬಂಕರಿನ ಸೀಳುಕಿಂಡಿಯಿಂದ ಇಣುಕಿದೆ. ಒಳಗೆ ಒದ್ದೆ ಮಣ್ಣಿನ ವಾಸನೆ, ಎದುರು ಬೆಳಗಿನ ನೀಲಿ ನೀರು, ದೂರದಲ್ಲಿ ಒಂದು ಮೀನುದೋಣಿ. ಬಂದೂಕು ಹಿಡಿದು ಕುಳಿತವನಿಗೂ ಕಂಡದ್ದು ಇದೇ ಚೆಲುವು.

ಕಡಲ ಬದಿಯ ತಡೆಗೋಡೆಗಳನ್ನು ನೋಡುವಾಗ 2004ರ ಡಿಸೆಂಬರ್ 26 ನೆನಪಾಗದೆ ಇರದು. ಸುನಾಮಿಯ ಅಲೆಗಿಂತ ಮೊದಲು ಭೂಕಂಪಕ್ಕೆ ಪೋರ್ಟ್ ಬ್ಲೇರಿನ ಆಸುಪಾಸಿನ ನೆಲ ಸುಮಾರು ಒಂದು ಮೀಟರ್ ಕೆಳಗೆ ಕುಸಿಯಿತು. ಊರ ಹೊರಗಿನ ಸಿಪ್ಪಿಘಾಟ್‌ನ ಗದ್ದೆಗಳಿಗೆ ನುಗ್ಗಿದ ಉಪ್ಪುನೀರು ಹಿಂದೆ ಹೋಗಲೇ ಇಲ್ಲ.

ಎಲ್ಲಿ ಓಡಬಾರದು ಎನ್ನುವುದನ್ನೂ ಹೇಳಬೇಕು. ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಆದಿವಾಸಿಗಳ ಮೀಸಲು ಕಾಡಿನ ಮೂಲಕ ಹೋಗುತ್ತದೆ. ವಾಹನಗಳು ಪೊಲೀಸ್ ಕಾವಲಿನಲ್ಲಿ ಸಾಲಾಗಿ, ನಿಲ್ಲದೆ ದಾಟಬೇಕು. ಅಲ್ಲಿ ಕಾಲಿಡುವ ಯೋಚನೆಯೂ ಬೇಡ. ಸಾಧ್ಯವಾದರೆ ಆ ದಾರಿಯ ಪ್ರವಾಸವನ್ನೇ ಬಿಡಿ. ಚಿಡಿಯಾಟಾಪು ಸುಂದರ ಜಾಗ, ಆದರೆ ಊರಿನಿಂದ ಇಪ್ಪತ್ತೈದು ಕಿಲೋಮೀಟರ್ ದೂರ, ತಿರುವುಗಳು ಇಕ್ಕಟ್ಟು. ವಾಹನದಲ್ಲಿ ಹೋಗಿ ಕಾಡುದಾರಿಯಲ್ಲಿ ನಡೆಯುವುದೇ ಸರಿ.

ಇನ್ನು ಮೈಯ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಕಬ್ಬನ್ ಪಾರ್ಕಿನ ತಂಪು ಗಾಳಿಗೆ ಒಗ್ಗಿದ ಮೈ ಅಂಡಮಾನಿನ ಮೊದಲ ಓಟದಲ್ಲೇ ದಂಗುಬಡಿಯುತ್ತದೆ. ಬೆವರು ಮೈಯನ್ನು ತಂಪು ಮಾಡುವುದು ಅದು ಆವಿಯಾದಾಗ. ಗಾಳಿಯಲ್ಲೇ ನೀರು ತುಂಬಿದ್ದರೆ ಬೆವರು ಸುಮ್ಮನೆ ತೊಟ್ಟಿಕ್ಕುತ್ತದೆ, ಬಿಸಿ ಒಳಗೇ ಉಳಿಯುತ್ತದೆ. ಆ ಬಿಸಿಯನ್ನು ಚರ್ಮಕ್ಕೆ ಸಾಗಿಸಲು ರಕ್ತ ಬೇಕಾಗಿ, ಅದೇ ವೇಗಕ್ಕೆ ಎದೆಬಡಿತ ಜಾಸ್ತಿಯಾಗುತ್ತದೆ. ಮೈ ಇದಕ್ಕೆ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ, ಅಷ್ಟರಲ್ಲಿ ರಜೆ ಮುಗಿದಿರುತ್ತದೆ. ಆದ್ದರಿಂದ ವೇಗದ ಲೆಕ್ಕವನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗಿ. ಮಾತಾಡುತ್ತ ಓಡಲು ಆಗುವಷ್ಟೇ ವೇಗ ಸಾಕು. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯಿರಿ, ಓಟ ಮುಗಿದ ಮೇಲೆ ಚಿಟಿಕೆ ಉಪ್ಪು ಹಾಕಿದ ನಿಂಬೆ ಪಾನಕ ಅಥವಾ ಎಳನೀರು. ತಲೆ ಹಗುರಾದಂತೆ ಅನ್ನಿಸಿದರೆ, ಬೆವರು ನಿಂತು ಮೈ ಚಳಿಯೆನ್ನಿಸಿದರೆ ಅಲ್ಲೇ ನೆರಳಿಗೆ ಕುಳಿತುಬಿಡಿ. ಮರಳಿನ ಸಣ್ಣ ನೊಣಗಳು ಬೆಳಿಗ್ಗೆ, ಸಂಜೆ ಕಾಲಿಗೆ ಕಚ್ಚುತ್ತವೆ, ತುರಿಕೆ ದಿನಗಟ್ಟಲೆ ಹೋಗುವುದಿಲ್ಲ. ಓಡುವ ಮೊದಲು ಕಾಲಿಗೆ ದಪ್ಪಗೆ ತೆಂಗಿನೆಣ್ಣೆ ಹಚ್ಚುವುದು ನನಗೆ ಕೆಲಸಕ್ಕೆ ಬಂದಿದೆ. ಒದ್ದೆ ಬೂಟು ಅಲ್ಲಿಯ ಗಾಳಿಗೆ ಒಣಗುವುದಿಲ್ಲ. ಹಳೆಯ ದಿನಪತ್ರಿಕೆ ತುರುಕಿಡಿ.

ನಾನು ಇನ್ನೂ ಓಡದೆ ಉಳಿದ ಒಂದು ಜಾಗ ಉತ್ತರ ಅಂಡಮಾನಿನಲ್ಲಿದೆ. ದಿಗ್ಲಿಪುರದ ಹತ್ತಿರ ರಾಸ್ ಮತ್ತು ಸ್ಮಿತ್ ಎಂಬ ಜೋಡಿ ದ್ವೀಪಗಳು. ಪೋರ್ಟ್ ಬ್ಲೇರಿನ ಎದುರಿನ ರಾಸ್ ಬೇರೆ, ಇದು ಬೇರೆ. ಉಬ್ಬರದಲ್ಲಿ ನೀರು ಕವಿಯುವ, ಇಳಿತದಲ್ಲಿ ಮೇಲೆದ್ದು ಎರಡನ್ನೂ ಸೇರಿಸುವ ಮರಳಿನ ದಾರಿ ಅವುಗಳ ನಡುವೆ ಇದೆ. ಎರಡೂ ಕಡೆ ಕಡಲು, ನಡುವೆ ಕೆಲವೇ ಗಂಟೆ ಇರುವ ನೆಲ. ಅಲ್ಲಿಗೆ ರಸ್ತೆಯಲ್ಲಿ ಹೋದರೆ ಜಾರವಾ ಕಾಡನ್ನು ದಾಟಬೇಕಾಗುತ್ತದೆ, ಹಾಗಾಗಿ ಹಡಗಿನಲ್ಲೇ ಹೋಗುವುದೆಂದು ನಿಶ್ಚಯಿಸಿದ್ದೇನೆ. ಅಂಡಮಾನಿನ ಅತಿ ಎತ್ತರದ ಸ್ಯಾಡಲ್ ಪೀಕ್, 732 ಮೀಟರ್, ಕೂಡ ಅಲ್ಲೇ ಇದೆ. ಬಂದವರು ಅದನ್ನೂ ಹತ್ತಬಹುದು. ಬರುವ ಫೆಬ್ರವರಿಯ ಉಬ್ಬರವಿಳಿತದ ಪಟ್ಟಿ ನೋಡಿ, ಬೆಳಗಿನ ಹೊತ್ತಿಗೆ ಇಳಿತ ಸಿಗುವ ದಿನಗಳನ್ನು ಗುರುತು ಮಾಡಿಕೊಂಡಿದ್ದೇನೆ. ಟಿಕೆಟ್ ಇನ್ನೂ ತೆಗೆಸಿಲ್ಲ. ನಿಧಾನಕ್ಕೆ ಓಡುವವರು ಯಾರಾದರೂ ಜೊತೆಗೆ ಬರುವುದಿದ್ದರೆ ತಿಳಿಸಿ.